ಲೈಟುಕಂಬ ನೋಡುತ್ತಾ ಕೂತವರು

(ಜನವರಿಯ ಒಂದು ಸಂಜೆ ಉಡುಪಿಯಲ್ಲಿ, ಮಳೆ–ಗಾಳಿಯ ಲೆಕ್ಕ ಇಡುವ ಹುಚ್ಚಿರುವ ಕೆಲವರ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹಾಗೇ ಉಂಟು.)

ಎಲ್ಲರಿಗೂ ನಮಸ್ಕಾರ. ಮೊದಲು ಆ ಫ್ಯಾನ್ ಸ್ವಲ್ಪ ಜಾಸ್ತಿ ಮಾಡಿ ಮಾರಾಯ್ರೆ. ಹಿಮದ ಬಗ್ಗೆ ಮಾತಾಡಲು ಬಂದವನು ಬೆವರು ಒರೆಸಿಕೊಳ್ಳುತ್ತಾ ನಿಂತರೆ ಯಾರೂ ನಂಬುವುದಿಲ್ಲ.

ನಮ್ಮಲ್ಲಿ ಈಗ ಚಳಿಗಾಲ. ನಗಬೇಡಿ, ಇದೂ ಚಳಿಗಾಲವೇ. ಧನುಪೂಜೆಗೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಣ್ಣೀರು ಮೈಮೇಲೆ ಹೊಯ್ದುಕೊಂಡವರಿಗೆ ಗೊತ್ತು. ಬಯಲಾಟಕ್ಕೆ ಗದ್ದೆಯಲ್ಲಿ ಕೂತರೆ ಮಧ್ಯರಾತ್ರಿ ದಾಟುವಾಗ ತಲೆ ಒದ್ದೆ. ಬೈರಾಸು ಬಿಚ್ಚಿ ತಲೆಗೆ ಸುತ್ತಿಕೊಂಡು "ಮಂಜು ಬೀಳ್ತಾ ಉಂಟು" ಅನ್ನುತ್ತೇವೆ. ಆ ಮಂಜು ಹಿಮವಲ್ಲ, ಇಬ್ಬನಿ. ನಮಗೆ ಒಂದೇ ಪದದಲ್ಲಿ ಕೆಲಸ ಮುಗಿಯುತ್ತದೆ. ಇಬ್ಬನಿಯೂ ಮಂಜು, ಎದುರಿನ ಬಸ್ಸು ಕಾಣದ ಹಾಗೆ ಕವಿಯುವುದೂ ಮಂಜು, ಹಿಮಾಲಯದ ಮೇಲೆ ಬಿದ್ದದ್ದೂ ಮಂಜು. ಬೇಕಾದಷ್ಟು ಇಲ್ಲದ ವಸ್ತುವಿಗೆ ಬೇರೆ ಬೇರೆ ಹೆಸರು ಯಾಕೆ ಬೇಕು, ಅಲ್ವಾ?

ನಾನು ಮಂಗಳೂರಿನವನು. ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿಗೆ ಹೋಗಿ ಕೆಲವು ವರ್ಷ ಇದ್ದೆ. ಲಂಡನ್ನಿನಿಂದ ಪಶ್ಚಿಮಕ್ಕೆ, ಥೇಮ್ಸ್ ನದಿಯ ದಡದ ಊರು. ಹೋಗುವ ಮೊದಲು ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಇಂಗ್ಲೆಂಡ್ ಅಂದರೆ ಚಳಿ, ಚಳಿ ಅಂದರೆ ಹಿಮ. ಡಿಸೆಂಬರಿನಲ್ಲಿ ಇಳಿದಾಗ ಅಲ್ಲಿದ್ದದ್ದು ಮಳೆ. ಅದೂ ನಮ್ಮ ಹಾಗೆ ಸುರಿಯುವ ಮಳೆ ಅಲ್ಲ. ಕೊಡೆ ಬಿಡಿಸಬೇಕೋ ಬೇಡವೋ ಎಂದು ಯೋಚಿಸುವಂಥ ಮಳೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ನಮ್ಮ ಮಂಗಳೂರಿನಲ್ಲಿ 3,500 ದಾಟುತ್ತದೆ. ಆದರೆ ಆ 600ನ್ನು ಅವರು ಇಡೀ ವರ್ಷಕ್ಕೆ ಹಂಚಿಕೊಂಡು, ಚಮಚದಲ್ಲಿ ಬಡಿಸಿದ ಹಾಗೆ ಬಡಿಸಿಕೊಳ್ಳುತ್ತಾರೆ.

ನಮ್ಮ ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರಿದ್ದರು. ಹೆಸರು ಬೇಡ. ನಮ್ಮ ಮಗ ಅವರನ್ನು "ಅಜ್ಜ" ಎಂದೇ ಕರೆಯುತ್ತಿದ್ದ, ನಾನೂ ಹಾಗೇ ಕರೆಯುತ್ತೇನೆ. ಅವರ ಹಿತ್ತಲಿನಲ್ಲಿ ಕಾಲುಗಳ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ. ಮೊದಲು ಜೇನುಪೆಟ್ಟಿಗೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಒಳಗೆ ಥರ್ಮಾಮೀಟರು. ಇಂಥ ಪೆಟ್ಟಿಗೆ ಪಣಂಬೂರಿನಂಥ ಹವಾಮಾನ ಕೇಂದ್ರಗಳಲ್ಲೂ ನೋಡಬಹುದು. ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು ಎಂದು ನಾಲ್ಕೂ ಕಡೆ ಪಟ್ಟಿ ಪಟ್ಟಿಯಾಗಿ ಇರುತ್ತದೆ. ಇದನ್ನು ಮಾಡಿದವನು ಥಾಮಸ್ ಸ್ಟೀವನ್ಸನ್, ದೀಪಸ್ತಂಭ ಕಟ್ಟುವ ಎಂಜಿನಿಯರ್.

ಅಜ್ಜನಿಗೆ ಹಿಮದ ಹುಚ್ಚು. ಅವರ ಹಾಗೆ ಇನ್ನೂ ನಾಲ್ಕೈದು ಮಂದಿ ಇದ್ದರು. ಒಬ್ಬರು ಶಾಲೆಯ ಟೀಚರ್, ಒಬ್ಬ ಲಾರಿ ಡ್ರೈವರ್. ನವೆಂಬರ್ ಬಂತೆಂದರೆ ಇವರ ಮುಖದಲ್ಲಿ ಬೇರೆಯದೇ ಕಳೆ. ಕಂಬಳದ ಸೀಸನ್ ಶುರುವಾದಾಗ ಕೋಣ ಸಾಕಿದವರ ಮುಖ ನೋಡಿದ್ದೀರಲ್ಲ, ಹಾಗೆ.

ನನಗೆ ಮೊದಲು ಅರ್ಥವಾಗದ್ದು ಇದು: ಹಿಮ ಬೀಳುವ ದೇಶದವರು ಹಿಮಕ್ಕೆ ಕಾಯುವುದು ಯಾಕೆ? ರಷ್ಯಾದ ಹಳ್ಳಿಯಲ್ಲಿ ಯಾರೂ ಕಾಯುವುದಿಲ್ಲ, ಅಲ್ಲಿ ಬಂದೇ ಬರುತ್ತದೆ. ನಮ್ಮ ಮಲ್ಪೆಯಲ್ಲೂ ಕಾಯುವುದಿಲ್ಲ, ಇಲ್ಲಿ ಬರುವುದೇ ಇಲ್ಲ. ಕಾಯುವವರು ಇರುವುದು ನಡುವಿನ ಜಾಗದಲ್ಲಿ. ತೆಂಕಣ ಇಂಗ್ಲೆಂಡ್ ಅಂಥ ಜಾಗ. ಚಳಿಗಾಲದಲ್ಲಿ ಮಳೆ ಬರುವಾಗ ಅಲ್ಲಿ ತಾಪಮಾನ ಎಷ್ಟೋ ಸಲ 3, 4 ಡಿಗ್ರಿ. ಇನ್ನು ಎರಡು ಡಿಗ್ರಿ ಇಳಿದರೆ ಹಿಮ, ಇಳಿಯದಿದ್ದರೆ ಬರೀ ಮಳೆ. ಈ ಎರಡು ಡಿಗ್ರಿಯಲ್ಲಿ ಇವರ ಇಡೀ ಚಳಿಗಾಲ ಕಳೆಯುತ್ತದೆ.

ಚಳಿ ಇದ್ದರೆ ಸಾಲದು. ಇಲ್ಲೇ ಇಡೀ ಆಟ ಇರುವುದು. ಹಿಮಕ್ಕೆ ಚಳಿಯೂ ಬೇಕು, ನೀರೂ ಬೇಕು. ಆ ಊರಿನಲ್ಲಿ ಇವೆರಡೂ ಒಂದೇ ಗಾಳಿಯಲ್ಲಿ ಬರುವುದು ಅಪರೂಪ. ಪಶ್ಚಿಮದಿಂದ, ಅಟ್ಲಾಂಟಿಕ್ ಸಮುದ್ರದ ಕಡೆಯಿಂದ ಬರುವ ಗಾಳಿ ನೀರು ತರುತ್ತದೆ, ಆದರೆ ಅದು ಬೆಚ್ಚಗೆ. ಪೂರ್ವದಿಂದ, ರಷ್ಯಾ ಕಡೆಯಿಂದ ಬರುವ ಗಾಳಿ ಗಡಗಡ ನಡುಗಿಸುತ್ತದೆ, ಆದರೆ ಅದು ಒಣಗಾಳಿ. ಚಳಿ ಬಂದ ದಿನ ಆಕಾಶ ನೀಲಿ. ಮೋಡ ಬಂದ ದಿನ ಚಳಿ ಓಡಿಹೋಗಿರುತ್ತದೆ.

ಊಟಿಗೂ ಇದೇ ಕಷ್ಟ. ಊಟಿ 2,240 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಕೆಲವು ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಬೆಳಿಗ್ಗೆ ಹುಲ್ಲುಹಾಸು ಬೆಳ್ಳಗೆ. ಕೂಡಲೇ "ಊಟಿಯಲ್ಲಿ ಹಿಮಪಾತ" ಅಂತ ಫೋಟೋ ಓಡಾಡುತ್ತದೆ. ಅದು ಮೇಲಿನಿಂದ ಬಿದ್ದದ್ದಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಬಿಸಿ ಪೂರ್ತಿ ಹಾರಿಹೋಗಿ, ಗಾಳಿಯ ತೇವ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿದ್ದು. ಮೋಡ ಬಂದರೆ ನೆಲಕ್ಕೆ ಕಂಬಳಿ ಹೊದೆಸಿದ ಹಾಗೆ, ಚಳಿ ಕಡಿಮೆಯಾಗುತ್ತದೆ. ಮೋಡ ಇಲ್ಲದೆ ಹಿಮ ಬೀಳುವುದಿಲ್ಲ. ಹಾಗಾಗಿ ಊಟಿಗೆ ಬಿಳಿ ಹುಲ್ಲು ಸಿಗುತ್ತದೆ, ಹಿಮ ಸಿಗುವುದಿಲ್ಲ. ಇನ್ನು ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಮೇಲೆ ರಸ್ತೆ ಬಿಳಿಯಾದ ವಿಡಿಯೋ ಬಂದರೆ, ಅದು ಆಲಿಕಲ್ಲು. ಆಲಿಕಲ್ಲು ಸೆಖೆಯ ಮಗು. ನೆಲ ಕಾದು, ಗಾಳಿ ರಭಸದಿಂದ ಮೇಲೇರಿ, ಹನಿಗಳನ್ನು ಎತ್ತೆತ್ತಿ ಹಾಕಿದಾಗ ಹುಟ್ಟುವುದು. ಹಿಮದ ದಾರಿಯೇ ಬೇರೆ.

ಇಂಗ್ಲೆಂಡಿಗೆ ವಾಪಸ್ ಬರುತ್ತೇನೆ. ಆ ಒಣ ಪೂರ್ವ ಗಾಳಿ ಉತ್ತರ ಸಮುದ್ರವನ್ನು ದಾಟುವಾಗ ಸ್ವಲ್ಪ ನೀರು ಹೀರಿಕೊಳ್ಳುತ್ತದೆ. ಆಗ ಪೂರ್ವ ಕರಾವಳಿಯಲ್ಲಿ ಹಿಮ ಸುರಿಯುತ್ತದೆ. ಇದನ್ನು ಕೇಳಿದಾಗ ನನಗೆ ಊರೇ ನೆನಪಾಯಿತು. ನಮ್ಮ ಗಾಳಿ ಅರಬ್ಬಿ ಸಮುದ್ರದಲ್ಲಿ ನೀರು ತುಂಬಿಕೊಂಡು ಬಂದು ಆಗುಂಬೆಗೆ ಡಿಕ್ಕಿ ಹೊಡೆಯುವುದಿಲ್ವಾ, ಅದೇ ಕಥೆ. ದಿಕ್ಕು ಮಾತ್ರ ತಿರುಗುಮುರುಗು.

ಇನ್ನೊಂದು ದಾರಿಯೂ ಇದೆ. ಚಳಿ ಮೊದಲೇ ಬಂದು ನೆಲೆ ಊರಿರಬೇಕು. ಅದರ ಮೇಲೆ ಪಶ್ಚಿಮದ ಮೋಡ ಬಂದು ಹತ್ತಬೇಕು. ಎರಡೂ ಎದುರುಬದುರಾದ ಕೆಲವು ಗಂಟೆ ಹಿಮ. ಯಾರು ಗೆಲ್ಲುತ್ತಾರೆ, ಎಲ್ಲಿ ಗೆಲ್ಲುತ್ತಾರೆ ಎಂಬುದು ಕೊನೆಯವರೆಗೆ ಗೊತ್ತಾಗುವುದಿಲ್ಲ. ಹೆಚ್ಚಿನ ಸಲ ಗೆಲ್ಲುವುದು ಪಶ್ಚಿಮವೇ.

ಈಗ ಈ ಹುಚ್ಚರ ದಿನಚರಿ ಕೇಳಿ. ಅಮೆರಿಕದ ಒಂದು ಹವಾಮಾನ ಮಾಡೆಲ್ ಇದೆ, ಅಂದರೆ ಮುಂದಿನ ದಿನಗಳ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮ್, ಜಿಎಫ್‌ಎಸ್ ಅಂತ. ದಿನಕ್ಕೆ ನಾಲ್ಕು ಸಲ ಹೊಸ ಲೆಕ್ಕ ಹಾಕುತ್ತದೆ, 16 ದಿನ ಮುಂದಿನವರೆಗೂ ಚಾರ್ಟು ಕೊಡುತ್ತದೆ. ಯುರೋಪಿನದ್ದು ಇನ್ನೊಂದು. ಅದರ ಕೇಂದ್ರ ನಾನಿದ್ದ ರೆಡಿಂಗ್‌ನಲ್ಲೇ ಇತ್ತು. ಬಸ್ಸಿನಲ್ಲಿ ಅದರ ಮುಂದೆ ಹೋಗುವಾಗ ನಮ್ಮ ಟೀಚರ್ ಕೈ ಮುಗಿಯುವುದೊಂದೇ ಬಾಕಿ. ಜಿಎಫ್‌ಎಸ್‌ನ ನಾಲ್ಕನೆಯ ಲೆಕ್ಕ ಅಲ್ಲಿಯ ರಾತ್ರಿ ಹತ್ತರ ಆಸುಪಾಸಿಗೆ ಹೊರಬರುತ್ತದೆ. ಅದಕ್ಕೆ ಇವರೆಲ್ಲ ಇಟ್ಟ ಹೆಸರು "ಪಬ್ ರನ್". ಜನ ಪಬ್‌ನಲ್ಲಿ ಕೂತಿರುವ ಹೊತ್ತು ಅದು. ಆ ಲೆಕ್ಕವೂ ಎರಡು ಗ್ಲಾಸ್ ಏರಿಸಿಕೊಂಡೇ ಬಂದ ಹಾಗೆ ಭಾರೀ ಹಿಮ ತೋರಿಸುತ್ತದೆ ಎಂಬ ತಮಾಷೆ. ಬೆಳಿಗ್ಗೆ ಎದ್ದು ನೋಡಿದರೆ ಅಮಲು ಇಳಿದು, ಹಿಮ ಮಾಯ.

ಯಾವಾಗ ನೋಡಿದರೂ ಹಿಮ ಇರುವುದು ಹತ್ತು ದಿನ ಆಚೆ. ಇವತ್ತು ಕೇಳಿದರೂ ಹತ್ತು ದಿನ, ಮುಂದಿನ ವಾರ ಕೇಳಿದರೂ ಹತ್ತು ದಿನ. ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಆ ಚಾರ್ಟಿನ ಮೇಲೂ ಯಾರೋ ಹಾಗೆ ಬರೆದು ಅಂಟಿಸಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಅಜ್ಜನಿಗೆ ಇದನ್ನು ವಿವರಿಸಿದೆ. ದೆವ್ವ ಬಂದು ಓದಿ ಹಿಂದೆ ಹೋಗುತ್ತದೆ, ಮರುದಿನ ಮತ್ತೆ ಬಂದು ಓದುತ್ತದೆ ಎಂದೆ. "ಆ ದೆವ್ವ ನಾವೇ" ಅಂದರು.

ಹತ್ತು ದಿನದ ಆಚೆಗಿನದ್ದು ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಕಾರಣ ಇದೆ. 1963ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ಅಮೆರಿಕದ ವಿಜ್ಞಾನಿ ತೋರಿಸಿಕೊಟ್ಟದ್ದು ಅದನ್ನೇ. ಆರಂಭದ ಅಂಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದು ದಿನದಿನಕ್ಕೆ ಬೆಳೆದು ಕೊನೆಗೆ ಇಡೀ ಲೆಕ್ಕವನ್ನೇ ನುಂಗುತ್ತದೆ. ಅದಕ್ಕೇ ಯುರೋಪಿನವರು ಒಂದೇ ಲೆಕ್ಕವನ್ನು 51 ಸಲ ಮಾಡುತ್ತಾರೆ, ಪ್ರತಿ ಸಲ ಆರಂಭವನ್ನು ತುಸು ಬದಲಿಸಿ. 51ರಲ್ಲಿ 40 ಹಿಮ ಅಂದರೆ ನಂಬಬಹುದು. ನಮ್ಮ ಗುಂಪಿನವರು ಮಾಡುತ್ತಿದ್ದದ್ದು ಬೇರೆ. 51ರಲ್ಲಿ ಒಂದೇ ಒಂದು ಹಿಮ ತೋರಿಸಿದರೂ ಅದನ್ನೇ ಹಿಡಿದುಕೊಂಡು ಕೂರುವುದು. 50 ಜೋಯಿಸರು ಜಾತಕ ಕೂಡುವುದಿಲ್ಲ ಅಂದರೂ, ಕೂಡುತ್ತದೆ ಎಂದ ಒಬ್ಬರ ಕೈಯಲ್ಲೇ ಮುಹೂರ್ತ ಇಡಿಸುವವರು ನಮ್ಮಲ್ಲೂ ಇಲ್ವಾ?

ಒಂದು ಜನವರಿಯ ಕಥೆ ಹೇಳುತ್ತೇನೆ. ಆ ಸಲ ಹತ್ತು ದಿನ ಒಂಬತ್ತಾಯಿತು, ಎಂಟಾಯಿತು, ಐದಾಯಿತು. "ನಾಳೆ ಬಾ" ಅನ್ನಲಿಲ್ಲ. ಅಜ್ಜನ ನಡಿಗೆಯೇ ಬದಲಾಯಿತು. ನೆಲದಿಂದ ಒಂದೂವರೆ ಕಿಲೋಮೀಟರ್ ಮೇಲೆ ಗಾಳಿ ಮೈನಸ್ 5 ಡಿಗ್ರಿ ಇರಬೇಕು ಎಂಬುದು ಇವರ ಹಳೆಯ ಲೆಕ್ಕ. ಇತ್ತು. ನಾನು ಅಂಗಡಿಗೆ ಹೋಗಿ ಮಗನಿಗೆ ಹಿಮದಲ್ಲಿ ಜಾರುವ ಪ್ಲಾಸ್ಟಿಕ್ ಬಂಡಿ ತಂದೆ, ಕೆಂಪು ಬಣ್ಣದ್ದು. ಹೆಂಡತಿ ಹೇಳಿದಳು, "ಮಗು ಹುಟ್ಟುವ ಮೊದಲು ಕುಲಾವಿ ಹೊಲಿಸ್ತಾ ಇದ್ದೀರಿ." ನಾನು ಕೇಳಲಿಲ್ಲ.

ಆ ರಾತ್ರಿ ಒಂಬತ್ತಕ್ಕೆ ಮಳೆ ಶುರುವಾಯಿತು. ಮಳೆ! ಅಜ್ಜನ ಪೆಟ್ಟಿಗೆಯಲ್ಲಿ 3 ಡಿಗ್ರಿ. ನಾನು ಸೋತೆ ಅಂದುಕೊಂಡೆ. ಅಜ್ಜ "ಕಾಯಿ" ಅಂದರು. ಒಣಗಾಳಿಯೊಳಗೆ ಹನಿ ಬೀಳುವಾಗ ಸ್ವಲ್ಪ ಆವಿಯಾಗುತ್ತದೆ, ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೀಗೇ ತಾನೆ? ಮೇಲೆ ಹಿಮ ಕರಗುವಾಗಲೂ ಅಷ್ಟೇ, ಗಾಳಿಯ ಬಿಸಿಯನ್ನೇ ತಿಂದು ಕರಗುತ್ತದೆ. ಹಾಗಾಗಿ ಮಳೆ ಜೋರಾದಷ್ಟೂ ಚಳಿ ಕೆಳಗೆ ಇಳಿಯುತ್ತದೆ. ಹತ್ತೂವರೆಗೆ 2 ಡಿಗ್ರಿ. ಹನ್ನೊಂದಕ್ಕೆ ಒಂದೂವರೆ.

ನಮ್ಮ ಮನೆಯ ಎದುರು ಒಂದು ಲೈಟುಕಂಬ. ಕಿತ್ತಳೆ ಬಣ್ಣದ ಹಳೇ ದೀಪ. ನಾನು, ಅಜ್ಜ, ಟೀಚರ್ ಮೂವರೂ ನಮ್ಮ ಮನೆಯ ದೀಪ ಆರಿಸಿ ಕಿಟಕಿಗೆ ಮೂಗು ಒತ್ತಿ ಕೂತೆವು. ನೋಡಬೇಕಾದದ್ದು ಬಣ್ಣ ಅಲ್ಲ, ವೇಗ. ಮಳೆಹನಿ ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಗೆರೆ ಎಳೆದ ಹಾಗೆ ಬೀಳುತ್ತದೆ. ಹಿಮದ ಚೂರು ಸೆಕೆಂಡಿಗೆ ಒಂದು ಮೀಟರ್, ಅಷ್ಟೇ. ಸುಮಾರು ಹೊತ್ತು ದೀಪದ ಕೆಳಗೆ ಬರೀ ಗೆರೆ. ಆಮೇಲೆ ಗೆರೆಗಳ ನಡುವೆ ಒಂದು ಚುಕ್ಕಿ ತಡವಾಯಿತು. ಅದೊಂದು ನೇರ ಬೀಳದೆ, ದಾರಿ ತಪ್ಪಿದ ಹಾಗೆ ಅಡ್ಡ ಹೋಯಿತು. ಟೀಚರ್ ನನ್ನ ಮೊಣಕೈ ಹಿಡಿದರು. ಇನ್ನೊಂದು. ಮತ್ತೆ ನಾಲ್ಕು. ಆಮೇಲೆ ದೀಪದ ಕೆಳಗಿನದ್ದೆಲ್ಲ ಒಮ್ಮೆಲೇ ನಿಧಾನವಾಯಿತು. ಸದ್ದು ನಿಂತದ್ದು ಆಗ ಗೊತ್ತಾಯಿತು. ಅಷ್ಟು ಹೊತ್ತು ತಗಡಿನ ಮಾಡಿನ ಮೇಲೆ ಟಪಟಪ ಅನ್ನುತ್ತಿತ್ತು, ಈಗ ಏನೂ ಇಲ್ಲ. ಮಗನನ್ನು ಎಬ್ಬಿಸಿ ಎತ್ತಿಕೊಂಡು ಬಂದೆ.

ಹತ್ತು ನಿಮಿಷ. ಗಾಳಿ ತಿರುಗಿ ನೈಋತ್ಯದಿಂದ ಬೀಸಿತು. ಮತ್ತೆ ಗೆರೆಗಳು, ಮತ್ತೆ ಟಪಟಪ. ಕಾರಿನ ಮೇಲೆ ಬಿದ್ದದ್ದು ಸೋರಿಹೋಯಿತು. ಊರಿನ ಹೊರಗೆ, ನಮಗಿಂತ ಇನ್ನೂರು ಮೀಟರ್ ಎತ್ತರದ ಗುಡ್ಡಗಳಲ್ಲಿ ಬೆಳಗಿನವರೆಗೂ ಬಿದ್ದಿತ್ತು. ಲಾರಿಯವ ಅಲ್ಲಿಂದ ಫೋಟೋ ಕಳಿಸಿದ, ಮೊಣಕಾಲು ಹೂತ ಫೋಟೋ. ಅಜ್ಜ ಅವನ ಜೊತೆ ಒಂದು ವಾರ ಮಾತಾಡಲಿಲ್ಲ. ಕೆಂಪು ಬಂಡಿ ನಮ್ಮ ಜೊತೆ ಮಂಗಳೂರಿಗೂ ಬಂತು. ಈಗ ಅದರಲ್ಲಿ ಅಮ್ಮ ಅಡಿಕೆ ಒಣಗಿಸುತ್ತಾರೆ.

ಸಿಕ್ಕಿದ್ದೂ ಉಂಟು. 2010ರ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್. 18ನೇ ತಾರೀಕು ಶನಿವಾರ ಹೀಥ್ರೂ ವಿಮಾನ ನಿಲ್ದಾಣ ಮುಚ್ಚಿತು, ಸಾವಿರಾರು ಜನ ನೆಲದಲ್ಲೇ ಮಲಗಿದರು. ಬಿದ್ದ ಹಿಮ ಒಂದು ಗೇಣೂ ಇರಲಿಲ್ಲ. ಸಾಮಾನ್ಯ ಲೆಕ್ಕದಲ್ಲಿ 10 ಸೆಂಟಿಮೀಟರ್ ಹಿಮ ಕರಗಿಸಿದರೆ 10 ಮಿಲಿಮೀಟರ್ ನೀರು. ಜುಲೈಯಲ್ಲಿ ನಮಗೆ 10 ಮಿಲಿಮೀಟರ್ ಅಂದರೆ ಚಪ್ಪಲಿ ಹುಡುಕುವಷ್ಟರಲ್ಲಿ ಬಂದು ಹೋಗುವ ಮಳೆ.

ಅಜ್ಜನ ಮಟ್ಟಿಗೆ ಇದೆಲ್ಲ ಸಣ್ಣದು. ಅವರದ್ದು 1963. ಆಗ ಅವರಿಗೆ 15 ವರ್ಷ. ಹಿಂದಿನ ಡಿಸೆಂಬರ್ 26ಕ್ಕೆ ಬಿದ್ದ ಹಿಮ ಮಾರ್ಚ್‌ವರೆಗೆ ಎಷ್ಟೋ ಕಡೆ ನೆಲ ಬಿಡಲಿಲ್ಲ. ಆ ಜನವರಿಯ ಸರಾಸರಿಯೇ ಸೊನ್ನೆಗಿಂತ 2 ಡಿಗ್ರಿ ಕೆಳಗೆ. 1740ರ ನಂತರ ಅಂಥ ಚಳಿಗಾಲ ಇಂಗ್ಲೆಂಡ್ ನೋಡಿರಲಿಲ್ಲ. ಕೆಂಟ್ ಕರಾವಳಿಯ ಹರ್ನ್ ಬೇ ಎಂಬಲ್ಲಿ ಸಮುದ್ರವೇ ದಡದಿಂದ ಸುಮಾರು ಒಂದು ಮೈಲಿ ಹೆಪ್ಪುಗಟ್ಟಿತ್ತು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆಗೆ ಬೋಟಿಲ್ಲದೆ ನಡೆಯುವುದನ್ನು ಸುಮ್ನೆ ಊಹಿಸಿಕೊಳ್ಳಿ. ಅಜ್ಜ ಐವತ್ತು ವರ್ಷ ಕಾಯುತ್ತಿದ್ದದ್ದು ಅದರ ಮರಿಗಾದರೂ ಸರಿ ಎಂದು.

ಬಿಳಿ ಕ್ರಿಸ್ಮಸ್ ಅಂತ ಕೇಳಿರುತ್ತೀರಿ. ಅದಕ್ಕೆ ಅಲ್ಲಿ ಬಾಜಿ ಕಟ್ಟುತ್ತಾರೆ. ಬ್ರಿಟನ್ನಿನ ಹವಾಮಾನ ಇಲಾಖೆಯ ನಿಯಮ ಏನು ಗೊತ್ತಾ? ಡಿಸೆಂಬರ್ 25ರ 24 ಗಂಟೆಯಲ್ಲಿ ಒಂದೇ ಒಂದು ಹಿಮದ ಚೂರು ಬಿದ್ದದ್ದು ಕಂಡರೆ ಸಾಕು. ನೆಲ ಬೆಳ್ಳಗಾಗಬೇಕಾಗಿಲ್ಲ. ಇದನ್ನು ಕೇಳಿ ನಾನು ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು. ಪತ್ತನಾಜೆಗೆ, ಅಂದರೆ ತುಳುವಿನ ಬೇಸ ತಿಂಗಳ ಹತ್ತನೇ ದಿನಕ್ಕೆ, ಹತ್ತು ಹನಿಯಾದರೂ ಬೀಳಬೇಕು ಅನ್ನುವವರು ನಾವು. ಮೇ ಕೊನೆಯ ಆ ದಿನ ಅಂಗಳದಲ್ಲಿ ಕೈ ಚಾಚಿ ನಿಂತ ನನ್ನ ಅಜ್ಜಿಯೂ ಎಣಿಸುತ್ತಿದ್ದಳು. ನಾವು ಒಂಬತ್ತು ಹನಿ ಜಾಸ್ತಿ ಕೇಳುತ್ತೇವೆ, ಅಷ್ಟೇ ವ್ಯತ್ಯಾಸ.

ಮತ್ತೆ ನಮ್ಮ ಮಕ್ಕಳು? ಜುಲೈ ತಿಂಗಳಲ್ಲಿ ರೆಡ್ ಅಲರ್ಟ್ ಬಂದ ರಾತ್ರಿ ಯಾವ ಮನೆಯಲ್ಲಿ ಮಕ್ಕಳು ಬೇಗ ಮಲಗುತ್ತಾರೆ ಹೇಳಿ. ಡಿಸಿ ರಜೆ ಕೊಟ್ಟರಾ, ಪಕ್ಕದ ಜಿಲ್ಲೆಗೆ ಕೊಟ್ಟರಂತೆ, ನಮಗೆ ಯಾಕಿಲ್ಲ. ರಜೆ ಸಿಕ್ಕಿದ ದಿನ ಫಳಫಳ ಬಿಸಿಲು. ಹಿಮ ಬಿದ್ದರೆ ಇಂಗ್ಲೆಂಡಿನಲ್ಲೂ ಶಾಲೆಗೆ ರಜೆ. ಅಲ್ಲಿನ ಮಕ್ಕಳೂ ಇದೇ ಜಾತಿಯವರು.

2018ರ ಫೆಬ್ರುವರಿಗೆ ನಾನು ಊರಿಗೆ ಬಂದಾಗಿತ್ತು. ಆ ತಿಂಗಳ ನಡುವೆ ಉತ್ತರ ಧ್ರುವದ ಮೇಲೆ, ನಾವು ನೋಡುವ ಮಳೆ–ಮೋಡಕ್ಕಿಂತ ಎಷ್ಟೋ ಎತ್ತರದಲ್ಲಿ ಗಾಳಿ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾಯಿತು. ಧ್ರುವದ ಸುತ್ತ ತಿರುಗುವ ಗಾಳಿಯ ಚಕ್ರ ಒಡೆಯಿತು. ಹಾಗಾದಾಗಲೆಲ್ಲ ಚಳಿ ಇಂಗ್ಲೆಂಡಿಗೇ ಬರುತ್ತದೆ ಎಂದೇನಿಲ್ಲ. ಆ ಸಲ ಬಂತು. ತಿಂಗಳ ಕೊನೆಗೆ ಪೂರ್ವದ ಗಾಳಿ ರಷ್ಯಾದಿಂದ ನೇರ ನುಗ್ಗಿತು. ಅದಕ್ಕೆ ಪತ್ರಿಕೆಯವರು "ಪೂರ್ವದ ಮೃಗ" ಎಂದು ಹೆಸರಿಟ್ಟರು. ನಾನು ಸುರತ್ಕಲ್‌ನಲ್ಲಿ ಬನಿಯನ್ ಹಾಕಿಕೊಂಡು, ಎಳನೀರು ಕುಡಿಯುತ್ತಾ ರೆಡಿಂಗ್‌ನ ಚಾರ್ಟು ನೋಡುತ್ತಿದ್ದೆ. ತಮಾಷೆ ಏನೆಂದರೆ ನಮಗೂ ಆ ತಿಂಗಳಲ್ಲಿ ಪೂರ್ವದ ಗಾಳಿಯೇ. ಘಟ್ಟ ಇಳಿಯುವಾಗ ಒತ್ತಡಕ್ಕೆ ಕಾದು, ಒಣಗಿ, ಮಧ್ಯಾಹ್ನದವರೆಗೆ ಸಮುದ್ರದ ಗಾಳಿಯನ್ನು ತಡೆದು ಹಿಡಿದು ನಮ್ಮನ್ನು ಬೇಯಿಸುತ್ತದೆ. ಹೆಂಡತಿ ಬಂದು ಇಣುಕಿದಳು. "ಅಲ್ಲಿ ಇದ್ದಾಗ ಇಲ್ಲಿಯ ಮಳೆ ನೋಡ್ತಿದ್ರಿ, ಇಲ್ಲಿ ಬಂದು ಅಲ್ಲಿಯ ಹಿಮ ನೋಡ್ತೀರಿ" ಅಂದಳು. ಅಜ್ಜ ಫೋಟೋ ಕಳಿಸಿದ್ದರು. ಬಿಳಿ ಪೆಟ್ಟಿಗೆಯ ತಲೆ ಮೇಲೆ ಒಂದು ಗೇಣು ಬಿಳಿ ಟೋಪಿ. ಬೇರೇನೂ ಬರೆದಿರಲಿಲ್ಲ.

ಪ್ರಶ್ನೆಯ ಹೊತ್ತಿಗೆ ಒಬ್ಬ ಹುಡುಗ ಕೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. "ಉಡುಪಿಯಲ್ಲಿ ಹಿಮ ಬೀಳಬೇಕಾದರೆ ಎಂತ ಆಗಬೇಕು?"

ಏನೂ ಆಗಬೇಕಾಗಿಲ್ಲ, ಈಗಲೂ ಬೀಳುತ್ತದೆ ಎಂದೆ. ನಾವು ನಿಂತಿರುವುದು ತೀರಾ ಕೆಳಗೆ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ಸುಮಾರು 5 ಕಿಲೋಮೀಟರ್ ಹೋದರೆ ಸೊನ್ನೆ ಡಿಗ್ರಿ. ಮಲ್ಪೆಯ ಆಚೆ ಸಮುದ್ರದ ಮೇಲೆ ಗೋಪುರದ ಹಾಗೆ ಎದ್ದು ನಿಂತ ಗುಡುಗಿನ ಮೋಡದ ಮೇಲ್ಭಾಗ ಪೂರ್ತಿ ಮಂಜುಗಡ್ಡೆಯ ಹರಳುಗಳು. ಅವು ಇಳಿಯುತ್ತಾ 5 ಕಿಲೋಮೀಟರ್ ಹತ್ತಿರ ಕರಗಿ ಹನಿಯಾಗುತ್ತವೆ. ಕರಗುವ ಆ ಪದರ ರಾಡಾರಿನಲ್ಲಿ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ನಮ್ಮ ಮುಳ್ಳಯ್ಯನಗಿರಿಯೇ 2 ಕಿಲೋಮೀಟರ್ ಮುಟ್ಟುವುದಿಲ್ಲ, ಇನ್ನು ಉಡುಪಿಯ ಮಾತೆಲ್ಲಿ. ಹುಡುಗ ತಲೆ ಎತ್ತಿ ಮಾಡು ನೋಡಿದ.

ಕೊನೆಗೆ ಎದ್ದವರು ಕಾರ್ಕಳ ಕಡೆಯ ಒಬ್ಬರು ಅಡಿಕೆ ಕೃಷಿಕರು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತ ಹಲವರ ಹಾಗೆ ಅವರೂ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುವವರು. ಇಂಗ್ಲೆಂಡಿನಲ್ಲೂ 1860ರಲ್ಲಿ ಸೈಮನ್ಸ್ ಎಂಬಾತ ಇಂಥವರನ್ನೇ ಊರೂರಿನಿಂದ ಸೇರಿಸಿ ದೇಶದ ಮಳೆ ಲೆಕ್ಕ ಹಾಕಿಸಿದ್ದ. ಆ ಕೃಷಿಕರು ಕೇಳಿದ್ದು, "ಮಾಪಕದೊಳಗೆ ಹಿಮ ಬಿದ್ದರೆ ನಿಮ್ಮ ಅಜ್ಜ ಹೇಗೆ ಅಳೆಯುತ್ತಿದ್ದರು?"

ಅಳತೆ ಮಾಡಿದ ಬಿಸಿನೀರು ಹೊಯ್ದು ಕರಗಿಸುತ್ತಿದ್ದರು, ಆಮೇಲೆ ಹೊಯ್ದಷ್ಟನ್ನು ಕಳೆಯುತ್ತಿದ್ದರು ಎಂದೆ.

"ಅಂದರೆ ಕೊನೆಗೆ ಅದೂ ಮಿಲಿಮೀಟರೇ" ಅಂದರು ಅವರು. "ಹಾಗಾದರೆ ನನ್ನ ಪುಸ್ತಕಕ್ಕೆ ಬೇರೆ ಕಾಲಂ ಬೇಡ." ಎಂದು ಕೂತರು.